ಹನ್ನೊಂದು ಜೇಬು

ಪ್ರತಿ ವರ್ಷ ಪಾಸ್ಕ ಹಬ್ಬಕ್ಕೆ
ಸಕ್ಕರೆ ಮೊಟ್ಟೆ ತರುವುದು ನನ್ನ ಪಾಲು.
ಗುಲಾಬಿ ಬಣ್ಣದ್ದು, ಒಳಗೆ ಟೊಳ್ಳು,
ಬಳ್ಳಾರಿ ಬಿಸಿಲಿಗೆ ಚೀಲದಲ್ಲೇ ಬೆವರುವಂಥದ್ದು.
ಈ ವರ್ಷ ತರಲಿಲ್ಲ.

ಕಾರಣ ಶೌರಿ.
ದೀಪಾವಳಿ ಮುಗಿದ ವಾರ ದೊಡ್ಡಾಸ್ಪತ್ರೆಯಲ್ಲಿ
ಎಂಟು ವರ್ಷದ ಹುಡುಗನಿಗೆ
ಅಜ್ಜಂದಿರ ಕಾಯಿಲೆಯ ಹೆಸರು ಹೇಳಿದರು.
ಈಗ ಊಟಕ್ಕೆ ಮೊದಲು ಅಂಗಿ ಎತ್ತಿ
ತಾನೇ ಎಣಿಸಿ ಚುಚ್ಚಿಕೊಳ್ಳುತ್ತಾನೆ.
ಲೆಕ್ಕದಲ್ಲಿ ಮೊದಲಿಂದಲೂ ಜಾಣ.

ಕ್ರಿಸ್ಮಸ್ಸಿಗೆ ಎಲ್ಲರಿಗೂ ಕೇಕು,
ಅವನಿಗೊಂದು ಸೇಬು.
ಆ ಸೇಬನ್ನು ಅವನು ಹಿಡಿದುಕೊಂಡ ರೀತಿ,
ಯಾರದೋ ಕೂಸನ್ನು ಸ್ವಲ್ಪ ಹೊತ್ತು ಹಿಡಿದುಕೋ ಅಂದ ಹಾಗೆ,
ತಪಸ್ಸುಕಾಲದ ನಲವತ್ತು ದಿನವೂ
ನನ್ನ ಜೊತೆ ಮಷಿನ್ನಿಗೆ ಕೂತಿತ್ತು.

ನಾನು ಕೌಲ್‌ಬಜಾರಿನಲ್ಲಿ ಜೀನ್ಸ್ ಹೊಲಿಯುವವಳು.
ದಿನಕ್ಕೆ ಇನ್ನೂರು ಜೇಬು. ಬರೀ ಜೇಬು.
ಸೊಂಟಪಟ್ಟಿ ರೇಣುಕಂದು, ಜಿಪ್ಪು ಖಾಜಾಂದು,
ಇಡೀ ಪ್ಯಾಂಟು ಕಾಣುವುದು
ಬೀದಿಯಲ್ಲಿ ಯಾರಾದರೂ ಹಾಕಿಕೊಂಡು ಹೋದರೇ.
ಹಿಂತಿರುಗಿ ನೋಡುತ್ತೇನೆ, ಜೇಬನ್ನು.
ಜನ ತಪ್ಪು ತಿಳಿಯುತ್ತಾರೆ.

ಬಣ್ಣ ಕೆಟ್ಟ ಲಾಟೊಂದು ಮೂಲೆಯಲ್ಲಿ ಬಿದ್ದಿತ್ತು.
ಕಟಿಂಗ್ ಮಾಸ್ತರ ದಾದಾಪೀರನನ್ನು ಕೇಳಿದೆ.
“ಒಯ್ಯಿ ಅಕ್ಕಾ, ಇಲಿಗೆ ಹೋಗೋದು ಮಕ್ಕಳಿಗೆ ಹೋಗ್ಲಿ.”
ಹನ್ನೊಂದು ಮಕ್ಕಳು, ಹನ್ನೊಂದು ಜೇಬು,
ಮೇಲೆ ಮುಚ್ಚಳ, ತಾಮ್ರದ ಗುಂಡಿ,
ಕೊರಳಿಗೆ ಹಾಕಲು ಲಾಡಿ.

ಜೇಬೇನೋ ಆಯಿತು. ಒಳಗೆ?
ಅಂಗಡಿಯವ ಕೈ ನೇರ ಡಬ್ಬಿಗೇ ಹಾಕಿದ.
“ಚಾಕ್ಲೇಟ್ ಬೇಡಪ್ಪಾ.”
“ಮತ್ತೆ ಮಕ್ಕಳಿಗೆ ಏನು ಕೊಡ್ತಾರೆ?”
ಅವನಿಗೂ ಗೊತ್ತಿರಲಿಲ್ಲ, ನನಗೂ.

ರಾಯಪ್ಪನಿಗೆ ಬುಗುರಿ, ಹೊಸ ಚಾಟಿ.
ಸ್ಟೆಲ್ಲಾಳಿಗೆ ಗುರುತು ಹಾಕುವ ಚಾಕಿನ ತುಂಡು,
ಗೋಡೆ ಕೆಡಿಸಿದರೆ ಅವಳಮ್ಮ ನನ್ನನ್ನೇ ಬೈಯಲಿ.
ಸದಾ ಜಗಳಾಡುವ ಅವಳಿಗಳಿಗೆ
ಒಂದೇ ಜಿಪ್ಪಿನ ಎರಡು ಬದಿ,
ಒಬ್ಬನ ಹತ್ತಿರ ಹಲ್ಲು ಮಾತ್ರ, ಇನ್ನೊಬ್ಬನ ಹತ್ತಿರ ಎಳೆಯುವ ನಾಲಗೆ.
ನಮ್ಮ ಚರ್ಚಿನವಳಲ್ಲದಿದ್ದರೂ ಭಾನುವಾರ ತಪ್ಪಿಸದ
ಹುಲಿಗೆಮ್ಮನಿಗೆ ಆರು ಹೀರೇಬೀಜ, ಮಳೆ ಬಿದ್ದಾಗ ಊರಲು.
(“ಮಳೆ ಯಾವತ್ತು?” ಅಂದಳು ಆಮೇಲೆ.
ಅದು ನನ್ನ ಇಲಾಖೆಯಲ್ಲ ಅಂದೆ.)
ಉಳಿದವರಿಗೆ ಏನೇನೋ. ಶೌರಿಯ ಜೇಬು
ಶನಿವಾರ ರಾತ್ರಿಯವರೆಗೂ ಖಾಲಿ.

ನನ್ನ ಮಷಿನ್ನಿನ ಕಾಲ ಬುಡದಲ್ಲಿ
ಬಿದ್ದ ಸೂಜಿ ಹೆಕ್ಕಲೆಂದು
ಹಳೆ ರೇಡಿಯೋದಿಂದ ಕಿತ್ತ ಅಯಸ್ಕಾಂತವೊಂದಿತ್ತು,
ಬಳೆಯಷ್ಟು ಅಗಲ, ನಡುವೆ ತೂತು.
ಒರೆಸಿ ಹಾಕಿದೆ.

ಬಲಿಪೂಜೆ ಮುಗಿದು ಅಂಗಳದಲ್ಲಿ ಹಂಚಿದಾಗ
ಮೊದಲು ಯಾರೂ ಮಾತಾಡಲಿಲ್ಲ.
ರಾಯಪ್ಪ ಜೇಬು ತಲೆಕೆಳಗು ಮಾಡಿ ಕೊಡವಿದ,
“ಮೊಟ್ಟೆ ಎಲ್ಲಿ?”
ಎಲ್ಲರಿಗಿಂತ ಚಿಕ್ಕವಳು ಅತ್ತೇಬಿಟ್ಟಳು.
ಶೌರಿಯ ತಾಯಿ ಸಗಾಯಮ್ಮ ನನ್ನ ಮೊಣಕೈ ಹಿಡಿದು,
“ನಮ್ಮ ಹುಡುಗನ ಸಲುವಾಗಿ
ಎಲ್ಲರ ಬಾಯೂ ಕಟ್ಟಿದಿ ಏನಕ್ಕಾ?”
ಬೈದಳೋ ಏನೋ, ದನಿಯಿಂದ ತಿಳಿಯಲಿಲ್ಲ.
ಅವನು ಕೇಳಿಸಿಕೊಂಡ. ಅದು ತಿಳಿಯಿತು.

ಕೇಳಿಸಿಕೊಂಡು ಗೇಟಿನಾಚೆ ಹೋದ,
ಅದಿರು ಲಾರಿ ಓಡಾಡಿ ಕೆಂಪಾದ ರಸ್ತೆಯಂಚಿಗೆ.
ಕೂತ. ಅಯಸ್ಕಾಂತವನ್ನು ಧೂಳಿನಲ್ಲಿ ಹೊರಳಿಸಿ ಎತ್ತಿದ.
“ಏಯ್ ಬರ್ರೋ, ಮಣ್ಣಿಗೆ ಗಡ್ಡ ಬಂದೈತೆ!”

ಓಡಿದರು. ಬುಗುರಿ ಬಿಟ್ಟು, ಅಳು ಬಿಟ್ಟು.
ಕಪ್ಪು ಕೂದಲು, ನೆಟ್ಟಗೆ ನಿಂತದ್ದು,
ಕೆಳಗಿಂದ ಬೆರಳಾಡಿಸಿದರೆ ಬಾಗುವುದು.
ನೂಕಾಟ ಶುರುವಾಗುವ ಮೊದಲೇ ಶೌರಿ ಎದ್ದು ನಿಂತ:
“ಸಾಲು. ಒಬ್ಬೊಬ್ಬರಿಗೆ ಇಪ್ಪತ್ತು ಎಣಿಸೋತನಕ.
ಎಣಿಸೋನು ನಾನು.”
ಎಣಿಸಿದ, ತನ್ನ ಊಟಕ್ಕೆ ಮೊದಲು ಎಣಿಸುವ ಹಾಗೇ,
ಒಂದೂ ಹೆಚ್ಚಲ್ಲ, ಒಂದೂ ಕಡಿಮೆಯಲ್ಲ.
ಹಬ್ಬದ ಬಿಳಿ ಬಟ್ಟೆಗಳೆಲ್ಲ ಕಾವಿಯಾದವು.

ಸೋಮವಾರ ಸೂಜಿ ಬಿತ್ತು.
ಮೊಣಕಾಲೂರಿ ತಡಕಾಡುತ್ತಿದ್ದೆ.
“ನಿನ್ನ ಅಯಸ್ಕಾಂತ ಎಲ್ಲೇ?” ಅಂದಳು ರೇಣುಕ.
ಶೌರಿ ಹತ್ತಿರ ಇದೆ, ಅಂದೆ,
ನನ್ನ ಸರದಿ ಇನ್ನೂ ಬಂದಿಲ್ಲ.