ಹೊಟ್ಟೆಗೆ ಹಾಕಿಕೋ

ಅರೆಕಿಪಾದಲ್ಲಿ ಬೆಳಗಿನ ಏಳು.
ಗಾಜಿನ ಕೊಳವೆಯ ಬೆಚ್ಚನೆ ಉಪ್ಪುನೀರಲ್ಲಿ
ದಾರಕ್ಕೆ ನೇತುಬಿದ್ದಿದೆ ಜಠರದ ಒಂದು ಪಟ್ಟಿ,
ನನ್ನ ಕಿರುಬೆರಳಿನ ಅರ್ಧ ಉದ್ದ.
ನಿನ್ನೆ ಸಂಜೆಯವರೆಗೂ ಕುದುರೆಮೆಂತೆ ಮೆಲ್ಲುತ್ತಿದ್ದ
ಕಂದು ಗಿನಿ ಇಲಿಯದು. ನಮ್ಮ ಕಡೆ ಕೂಯಿ ಅನ್ನುತ್ತೇವೆ,
ಅದು ಅಳುವುದೇ ಹಾಗೆ.
ಬಾಯಿಲ್ಲ, ತಲೆಯಿಲ್ಲ,
ಆದರೂ ನಿಮಿಷಕ್ಕೆ ಐದಾರು ಸಲ
ಉಣ್ಣದ ಊಟವನ್ನು ಅರೆಯುತ್ತಲೇ ಇದೆ.

ಒಂದು ಹನಿ ಸಿರೊಟೋನಿನ್ ಬಿಟ್ಟೆ.
ಪರದೆಯ ಗೆರೆ ಎದ್ದಿತು, ಕಿಟಕಿಯಾಚೆಯ ಮಿಸ್ತಿ ಬೆಟ್ಟದ ಹಾಗೆ,
ತುಸು ತಡೆದು, ಜಾರಿತು.
ಹನಿ ಒಂದೇ. ನರದ ಮೇಲೆ ಬಾಗಿಲು ಹಲವು.
ಒಂದನ್ನು ತಟ್ಟಿದರೆ, ಹಿಂಡು.
ಇನ್ನೊಂದನ್ನು ತಟ್ಟಿದರೆ, ಸಡಿಲಾಗು, ಜಾಗ ಮಾಡು, ತುತ್ತು ಬರುತ್ತಿದೆ.
ಮತ್ತೊಂದು ಸೀದಾ ತಲೆಗೆ ಓಡಿ ವಾಂತಿಯ ಗಂಟೆ ಬಾರಿಸುತ್ತದೆ.
ಡಾಕ್ಟರ್ ಬುಸ್ತಿಂಸಾ ಅವನ್ನು ಅಂಕಿಗಳಿಂದ ಕರೆಯುತ್ತಾರೆ.
ನಾನು ಗುಟ್ಟಾಗಿ ಹೆಸರಿಟ್ಟಿದ್ದೇನೆ: ಬೆನಿತಾ, ರುಫಿನಾ,
ಎಲ್ಲದಕ್ಕೂ ಅಡ್ಡಬಾಯಿ ಹಾಕುವ ಓರಗಿತ್ತಿ ಮೆಲ್ಚೋರಾ.

ಆಮೇಲೆ ಉಬ್ಬುಮೀನಿನ ವಿಷ, ಚೂರೇ ಚೂರು.
ನರಗಳ ಬಾಯಿ ಕಟ್ಟಿತು.
ಮತ್ತೆ ಅದೇ ಹನಿ.
ಗೆರೆ ತನ್ನ ಪಾಡಿಗೆ ಸಣ್ಣಗೆ ತೂಗುತ್ತಿತ್ತು, ಏಳಲಿಲ್ಲ.
ಮಾಂಸ ಬದುಕಿದೆ,
ಅದಕ್ಕೆ ಸುದ್ದಿ ಮುಟ್ಟಿಸುವವರು ಇಲ್ಲ.

ಚಿವಾಯಿಯ ಅಡುಗೆಮನೆಯಲ್ಲಿ ಅಜ್ಜಿ ತಿಯೋಫಿಲಾ
ಕರೀ ಕೂಯಿಯನ್ನು ರೋಗಿಯ ಹಣೆಯಿಂದ ಪಾದದವರೆಗೆ ಉಜ್ಜುತ್ತಿದ್ದಳು.
ಉಗುರಿನಲ್ಲೇ ಸೀಳಿ, ತಣ್ಣೀರಲ್ಲಿ ಜಾಲಿಸಿ, ಓದುತ್ತಿದ್ದಳು:
"ನಿನ್ನ ಹೊಟ್ಟೆ ನಿಂತುಬಿಟ್ಟಿದೆ, ಮಗಾ.
ಯಾರಿಗೋ ಹೇಳಬೇಕಾದ್ದನ್ನು ನುಂಗಿದ್ದೀಯ."
ಕಾಲೇಜಿನಲ್ಲಿ ಇದನ್ನು ಹೇಳಿ ಎಲ್ಲರನ್ನೂ ನಗಿಸಿದ್ದೇನೆ.

ಈಗ ವಾರಕ್ಕೆ ನಾಲ್ಕು, ಸಹಿ ಹಾಕಿ ತರುತ್ತೇನೆ.
ಸೀಳುತ್ತೇನೆ, ಜಾಲಿಸುತ್ತೇನೆ,
ಎಂದೂ ಕಾಣದವರ ಹೊಟ್ಟೆಯನ್ನು ಓದುತ್ತೇನೆ,
ಸಕ್ಕರೆ ಕಾಯಿಲೆಯಲ್ಲಿ ನಿನ್ನೆಯ ತುತ್ತು
ಇವತ್ತೂ ಕದಲದೆ ಕೂತಿರುವವರ ಹೊಟ್ಟೆಯನ್ನು.
ಅಜ್ಜಿ ಮಾತ್ರ ಮೊದಲು ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು.
ನಮ್ಮ ಫಾರ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಹೋದರು.
ಕೊಳವೆಯ ಬಳಿ ಬಾಯಿ ತಂದು,
ಕಿವಿಯೇ ಇಲ್ಲದ ಅದಕ್ಕೆ ಅಜ್ಜಿಯ ಮಾತು ಹೇಳಿದೆ:
ಹೊಟ್ಟೆಗೆ ಹಾಕಿಕೋ, ತಾಯಿ.

ಗೆರೆ ಅಲುಗಿತು.
ನನ್ನ ಉಸಿರು ತಾಕಿರಬೇಕು ದಾರಕ್ಕೆ.
ಪುಸ್ತಕದಲ್ಲಿ ಬರೆದೆ:
೧.೦೭, ಹೊರಗಿನ ಅಡಚಣೆ, ಲೆಕ್ಕಕ್ಕಿಲ್ಲ.