ಬೆಟ್ಟದ ಪಾಲು

ಚುಚ್ಚುವ ಮುನ್ನ ಬೆರಳನ್ನು
ನನ್ನ ಅಂಗೈಯೊಳಗಿಟ್ಟು ಬೆಚ್ಚಗೆ ಮಾಡುತ್ತೇನೆ.
ಪುನೋದ ಬೆಳಗಿನಲ್ಲಿ ರಕ್ತವೂ ಮೈಗಳ್ಳ,
ಕರೆದ ಕೂಡಲೇ ಬರುವುದಿಲ್ಲ.

ಎಡ್ವರ್ ಅಳಲಿಲ್ಲ.
ಹದಿನಾಲ್ಕು ತಿಂಗಳ ಕೂಸು ಸೂಜಿಯನ್ನು ನೋಡಿತು
ಬೆರಳು ಬೇರೆ ಯಾರದೋ ಎಂಬಂತೆ.
ಇಪ್ಪತ್ತೆರಡು ವರ್ಷ ಈ ದಾರಿ ಹತ್ತಿ ಇಳಿದು ಕಲಿತದ್ದು ಇಷ್ಟು:
ಅಳುವ ಮಕ್ಕಳ ಮನೆಯಿಂದ
ಹಗುರಾಗಿ ಹೊರಡಬಹುದು.

ಯಂತ್ರದಲ್ಲಿ ಹನ್ನೆರಡು ಪಾಯಿಂಟ್ ಒಂದು.
"ಹನ್ನೊಂದಿದ್ದರೆ ಸಾಕಲ್ಲ?" ಅಂದಳು ಸತುರ್ನಿನಾ.
ರೇಡಿಯೋದಲ್ಲಿ ಕೇಳಿ
ಒಲೆಯ ಮೇಲಿನ ಗೋಡೆಗೆ ಇದ್ದಿಲಿನಿಂದ ಬರೆದಿಟ್ಟಿದ್ದಳು: ೧೧.
ಚೀಟಿಯ ಬೆನ್ನಿಗೆ ನಾನು ಕಳೆಯುವ ಲೆಕ್ಕ ಹಾಕಿದೆ.
ಬೆಟ್ಟದ ಪಾಲು ಮೂರು.
ಉಳಿದದ್ದು ಒಂಬತ್ತು, ಚಿಲ್ಲರೆ.

"ಬೆಟ್ಟದ್ದೇನು ಪಾಲು?"

ಇಲ್ಲಿ ಗಾಳಿ ತೆಳು, ತಾಯಿ.
ಉಸಿರು ಸಾಲದೆ ಮೈ ಒಂದಿಷ್ಟು ರಕ್ತ ಹೆಚ್ಚು ಕಟ್ಟಿಕೊಳ್ಳುತ್ತದೆ.
ಅದು ಉಳಿತಾಯವಲ್ಲ, ಬಾಡಿಗೆ.

ಅವಳು ಬಾಗಿಲಾಚೆ ನೋಡಿದಳು.
ಬೆಟ್ಟ ಏನನ್ನೂ ಕದ್ದ ಹಾಗೆ ಕಾಣಲಿಲ್ಲ.
"ಹುಟ್ಟಿದ್ದೇ ಇಲ್ಲಿ. ನಮಗೂ ಬಾಡಿಗೆಯೆ?"
ನನ್ನಲ್ಲಿ ಉತ್ತರವಿರಲಿಲ್ಲ,
ಲಿಮಾದಿಂದ ಬಂದ ಕೋಷ್ಟಕವಿತ್ತು.

ಮೂಲೆಯಲ್ಲಿ, ಕೂಸಿನ ಬಾಯಿಯ ಎತ್ತರಕ್ಕೆ,
ಮಣ್ಣುಗೋಡೆ ನುಣ್ಣಗಾಗಿ ಗುಳಿಬಿದ್ದಿತ್ತು.
ನಾಲಿಗೆ ತೋಡಿದ ಗುಳಿ.
"ನಮ್ಮ ರಕ್ತವೇ ಅಲ್ಲವೆ," ನಕ್ಕಳು ಅಜ್ಜಿ ಇಲಾರಿಯಾ,
"ಆಲೂಗಡ್ಡೆಯನ್ನು ಜೇಡಿಯಲ್ಲಿ ಅದ್ದಿ ತಿನ್ನುವ ಜನ ನಾವು."
ನಾನೂ ತಿನ್ನುತ್ತೇನೆ, ವಾರಕ್ಕೆರಡು ಸಲ.
ಅದನ್ನು ಹೇಳಲಿಲ್ಲ.

ಕಬ್ಬಿಣದ ಪುಡಿಯ ಪೊಟ್ಟಣ ಎಣಿಸಿದೆ:
ಅರವತ್ತರಲ್ಲಿ ಐವತ್ತು ಖಾಲಿ. ಸಂತೋಷವಾಯಿತು.
ಸತುರ್ನಿನಾ ತಲೆ ತಗ್ಗಿಸಿದಳು.
ಹಿತ್ತಲಲ್ಲಿ ಒಂದು ಕುರಿಮರಿ
ನಾಲ್ಕೂ ಕಾಲು ಒಟ್ಟಿಗೆ ಎತ್ತಿ ನೆಗೆಯುತ್ತಿತ್ತು.
"ತಾಯಿ ಸತ್ತ ಮರಿ. ನಿಲ್ಲಲೂ ಆಗುತ್ತಿರಲಿಲ್ಲ.
ದಿನಕ್ಕೊಂದು ಪೊಟ್ಟಣ, ಹಾಲಿನಲ್ಲಿ.
ಮಗನ ಬಾಯಿಗೆ ಹಾಕುವ ಮೊದಲು
ಯಾರ ಮೇಲಾದರೂ ನೋಡಬೇಕಿತ್ತಲ್ಲ."

ಬೈಯಲೆಂದು ಬಾಯಿ ತೆರೆದೆ.
ಮರಿ ಬಂದು ನನ್ನ ಚೀಲಕ್ಕೆ ಹಾಯ್ದು
ಹತ್ತಿಯೆಲ್ಲ ಚೆಲ್ಲಾಪಿಲ್ಲಿ.

ಹೊಸ ಅರವತ್ತು ಕೊಟ್ಟೆ. ಕೋಳಿಯ ರಕ್ತ ಹುರಿಯುವುದನ್ನು,
ಊಟದ ಹೊತ್ತಿಗೆ ಚಹಾ ದೂರವಿಡುವುದನ್ನು
ಹತ್ತನೇ ಸಲ ಹೇಳಿದೆ.
ಮೊದಲ ಚಮಚ ಅಜ್ಜಿಯೇ ನುಂಗಿ ತೋರಿಸಿದಳು,
ಮುಖ ಸಿಂಡರಿಸಿ, "ಆಹಾ" ಎನ್ನುತ್ತ.

ಆಗಸ್ಟಿನಲ್ಲಿ ಮತ್ತೆ ಹತ್ತಿದೆ.
ಬಕೆಟ್ಟಿನ ನೀರು ಕಲ್ಲಾಗಿತ್ತು.
ನನ್ನ ಚೀಲ ಕಂಡದ್ದೇ ತಡ
ಎಡ್ವರ್ ಓಡಿದ, ಕುರಿಯ ಹಿಂದೆ ಅಡಗಿದ,
ಹಿಡಿದರೆ ಕಚ್ಚಿದ,
ಸೂಜಿ ತಾಗುವ ಮೊದಲೇ
ಕಣಿವೆಯ ಆಚೆ ದಂಡೆಗೂ ಕೇಳುವ ಹಾಗೆ ಕಿರುಚಿದ.
ನನಗೆ ನಗು ತಡೆಯಲಾಗಲಿಲ್ಲ.

ಯಂತ್ರ ಇನ್ನೂ ಅಂಕಿ ಹುಡುಕುತ್ತಿತ್ತು.
ಸತುರ್ನಿನಾ ಆಗಲೇ ಎಡಗೈ ಎತ್ತಿ
ಮೂರು ಬೆರಳು ಮಡಚಿ ಹಿಡಿದಿದ್ದಳು.