ಏಳನೆಯ ಸಾಲು

ಹತ್ತೊಂಬತ್ತು ವರ್ಷದಿಂದ ಬಟ್ಟಲಲ್ಲಿ ಉಚ್ಚೆ ಹೊಯ್ದು ಕೊಡುತ್ತಿದ್ದೇನೆ.
ಈರಿ ಸರೋವರದ ದಂಡೆಯ ಊರು,
ನಗರಸಭೆಯ ಬಸ್ಸು, ಮಾರ್ಗ ಇಪ್ಪತ್ತೆರಡು.
ಕಂಪ್ಯೂಟರು ಹೆಸರು ಹೆಕ್ಕಿದ ದಿನ
ಡಿಪೋದ ಹಿಂದಿನ ಕೋಣೆ, ನಲ್ಲಿಗೆ ಬಿಗಿದ ಅಂಟುಪಟ್ಟಿ,
ಕಮೋಡಿನಲ್ಲಿ ನೀಲಿ ನೀರು,
ಬಾಗಿಲಾಚೆ ಗಡಿಯಾರ ನೋಡುತ್ತಾ ಒಬ್ಬ ಹುಡುಗ.
ಬಿಸಿ ಆರುವ ಮೊದಲೇ ಕೊಡಬೇಕು. ಕೊಡುತ್ತೇನೆ.
ಬೆನ್ನ ಹಿಂದೆ ನಲವತ್ತು ಜೀವ ಕೂತಿರುತ್ತವಲ್ಲ.
ನಾಚಿಕೆಯಿಲ್ಲ ನನಗೆ;
ಆದರೂ ಹೊರಬರುವಾಗ ಪ್ರತಿಸಲ,
ಕುಂಬಳಕಾಯಿ ಕದಿಯದೆಯೂ,
ಹೆಗಲು ಮುಟ್ಟಿ ನೋಡಿಕೊಂಡಿದ್ದೇನೆ.

ಆರ್ಡಿತ್‌ಗೆ ಕಾಗದ ಬಂದದ್ದು ಮಾರ್ಚಿಯಲ್ಲಿ.
ಅವಳು ಲೈಬ್ರರಿಯಲ್ಲಿ, ವಾಪಸು ಬಂದ ಪುಸ್ತಕಗಳನ್ನು
ಗೂಡಿಗೆ ಸೇರಿಸುವವಳು.
'ಇನ್ನು ಮುಂದೆ ನಗರದ ಪ್ರತಿಯೊಬ್ಬ ನೌಕರನೂ...'
ಕಾಗದವನ್ನು ಉಪ್ಪಿನ ಡಬ್ಬಿಯಡಿ ಇಟ್ಟು
ನಾ ಹೋಗಲ್ಲ ಅಂದಳು.

ಎರಡು ನಿಮಿಷದ ಕೆಲಸ, ಅಂದೆ. ನೀನೇನು ಸೇದುತ್ತೀಯಾ?
ಸೇದುತ್ತೇನೆಂದು ಅವರಿಗೆ ಅನುಮಾನವಿದೆಯಾ, ಕೇಳು.
ಇಲ್ಲ ತಾನೆ? ಮತ್ತೆ ನನ್ನ ಮೈನೀರು ಯಾಕೆ?
ನಾಲ್ಕನೆಯ ತಿದ್ದುಪಡಿ, ಐವತ್ತನಾಲ್ಕು ಪದ, ಎಣಿಸಿದ್ದೇನೆ.
ಮನೆ, ಕಾಗದಪತ್ರ, ಸಾಮಾನು ಎಲ್ಲ ಆಮೇಲೆ,
ಮೊದಲು ಬರುವುದು ಮೈ.

ಅರ್ಜಿಯ ಏಳನೆಯ ಸಾಲು:
'ಈಗ ಸೇವಿಸುತ್ತಿರುವ ಔಷಧಿಗಳು'.
ಅವಳ ಬೆರಳು ಅಲ್ಲಿ ನಿಂತಿತ್ತು.
ಉಳಿದ ಸಾಲುಗಳ ಮೇಲೆ ನಿಂತದ್ದಕ್ಕಿಂತ
ಸ್ವಲ್ಪ ಹೆಚ್ಚು ಹೊತ್ತು.

ಕೆಲಸದಿಂದ ತೆಗೆದರು. ಯೂನಿಯನ್ನಿನ ಲಾಯರು,
ಕ್ರಿಸ್ಪಿನ್ ಓಡಮ್ ಅಂತ, ಒಂದೇ ಕೋಟಿನ ಮನುಷ್ಯ,
ಕೇಸು ಹಾಕಿದ. ಆ ಚಳಿಗಾಲವೆಲ್ಲ
ನನ್ನ ಓವರ್‌ಟೈಮಿನಲ್ಲಿ ಮನೆ ಬೆಚ್ಚಗಿತ್ತು.

ನ್ಯಾಯಾಧೀಶೆ ನಗರದ ವಕೀಲನನ್ನು ಕೇಳಿದರು:
ಪುಸ್ತಕ ತಪ್ಪು ಗೂಡು ಸೇರಿದರೆ ಎಷ್ಟು ಜನ ಸಾಯುತ್ತಾರೆ?
ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.
ಆರ್ಡಿತ್ ನಗಲಿಲ್ಲ. ತಪ್ಪು ಗೂಡು ಸೇರಿದ ಪುಸ್ತಕ
ಸತ್ತಂತೆಯೇ ಎಂದು ನಂಬಿದವಳು ಅವಳು.

ಗೆದ್ದಳು. ಕೆಲಸ ವಾಪಸು, ಬಾಕಿ ಸಂಬಳ.
ತೀರ್ಪಿನಲ್ಲಿ ನನ್ನಂಥವರಿಗೂ ಒಂದು ಸಾಲಿತ್ತು:
ಚಕ್ರ ಹಿಡಿದವರ ಮಾತು ಬೇರೆ.
ಬೇರೆಯೇ ಇರಬಹುದು. ಮುಂದಿನ ಮಂಗಳವಾರ
ಕಂಪ್ಯೂಟರು ಮತ್ತೆ ನನ್ನನ್ನೇ ಹೆಕ್ಕಿತು.

ಬಚ್ಚಲ ಕನ್ನಡಿಯ ಹಿಂದಿನ ಕಪಾಟಿನಲ್ಲಿ
ಎಡಗಡೆ ಅವಳದು, ಬಲಗಡೆ ನನ್ನದು.
ಈಗೀಗ ಕಣ್ಣು ಮುಚ್ಚಿ
ಕೈ ಬಲಕ್ಕೆ ಹಾಕಿ ಪೇಸ್ಟು ತೆಗೆಯುತ್ತೇನೆ.
ಒಮ್ಮೊಮ್ಮೆ ಶೇವಿಂಗ್ ಕ್ರೀಮು ಬಂದುಬಿಡುತ್ತದೆ.